ಒಂದು ಹಿಡಿ ಎಳ್ಳು, ಮೂವತ್ತು ಮನೆ

ಸಿದ್ಧ ಪೊಟ್ಟಣ, ಥಳಥಳಿಸುವ ಡಬ್ಬಿ, ಜೊತೆಗೊಂದು ಉಡುಗೊರೆ: ಎಳ್ಳು ಬೀರುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಐದು ಸಾಮಗ್ರಿ, ಒಂದು ಹರಿತವಾದ ಚಾಕು, ಮೂರು ದಿನದ ಬಿಸಿಲು ಇದ್ದರೆ ಇಡೀ ಬೀದಿಗೆ ಸಾಲುವಷ್ಟು ಮನೆಯಲ್ಲೇ ಆಗುತ್ತದೆ. ಈ ಸಂಕ್ರಾಂತಿಗೆ ಕೈಯಾರೆ ಮಾಡಿ, ಕೈಯಾರೆ ಕೊಡಿ.

ಜನವರಿ ಎರಡನೇ ವಾರದ ಗಾಂಧಿ ಬಜಾರು. ಗೋಡೆಗೆ ಒರಗಿಸಿಟ್ಟ ಕಬ್ಬಿನ ಜಲ್ಲೆಗಳ ಗರಿ ಓಡಾಡುವವರ ಮುಖಕ್ಕೆ ತಾಗುತ್ತಿದೆ. ಅವರೆಕಾಯಿ ರಾಶಿಯ ಸೊಗಡು ಬೀದಿ ತುಂಬ ಹರಡಿದೆ. ತಳ್ಳುಗಾಡಿಯಲ್ಲಿ ಎಲಚಿ ಹಣ್ಣು, ಅದರ ಪಕ್ಕದಲ್ಲೇ ಬುಟ್ಟಿ ತುಂಬ ಗುಲಾಬಿ, ಬಿಳಿ, ಹಳದಿ ಬಣ್ಣದ ಸಕ್ಕರೆ ಅಚ್ಚು.

ಗ್ರಂದಿಗೆ ಅಂಗಡಿಯೊಂದರ ಮುಂದೆ ಬೆರೆಸಿಟ್ಟ ಎಳ್ಳಿನ ಗುಡ್ಡೆ. ವಯಸ್ಸಾದ ಹೆಂಗಸೊಬ್ಬರು ಅದರಿಂದ ಒಂದು ಚಿಟಿಕೆ ತೆಗೆದು, ಕೊಬ್ಬರಿ ಚೂರನ್ನು ಮಾತ್ರ ಬೇರ್ಪಡಿಸಿ, ಮೂಗಿನ ಹತ್ತಿರ ಹಿಡಿಯುತ್ತಾರೆ. "ಕಮಟು ವಾಸನೆ ಕಣಮ್ಮ, ಬೇಡ" ಎಂದು ಸೊಸೆಯ ಕಡೆ ತಿರುಗುತ್ತಾರೆ. ಸೊಸೆ ಗಡಿಯಾರ ನೋಡಿಕೊಂಡು, "ಅತ್ತೆ, ಈಗ ಮನೇಲಿ ಹೆಚ್ಚೋಕೆ ಎಲ್ಲಿ ಟೈಮಿದೆ?" ಅನ್ನುತ್ತಾಳೆ. ಅತ್ತೆ ಒಂದು ಗಳಿಗೆ ಯೋಚಿಸಿ ಅಂಗಡಿಯವನಿಗೆ ಹೇಳುತ್ತಾರೆ: "ಉಂಡೆ ಕೊಬ್ಬರಿ ಅರ್ಧ ಕೆಜಿ ಕೊಡಪ್ಪ. ನಾನೇ ಹೆಚ್ಕೋತೀನಿ."

ಆ ಅರ್ಧ ಕೆಜಿ ಕೊಬ್ಬರಿಯ ಪರವಾಗಿಯೇ ಈ ಲೇಖನ.

ಹಬ್ಬಕ್ಕೆ ತಿಂಡಿ ಹಂಚುವ ಪದ್ಧತಿ ಲೋಕದಲ್ಲೆಲ್ಲ ಇದೆ. ಮಂಗಳೂರಿನ ಕ್ರೈಸ್ತರ ಮನೆಗಳಿಂದ ಕ್ರಿಸ್ಮಸ್‌ಗೆ ಕುಸ್ವಾರ್ ತಟ್ಟೆ ನೆರೆಮನೆಗೆ ಹೋಗುತ್ತದೆ. ರಂಜಾನಿಗೆ ಶೀರ್‌ಕುರ್ಮಾ ಬರುತ್ತದೆ. ದೀಪಾವಳಿಗೆ ಚಕ್ಕುಲಿ, ಕೋಡುಬಳೆ ತಿರುಗಾಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮನೆಯಲ್ಲಿ ಮಾಡಿದ್ದನ್ನು ಅದು ಇಲ್ಲದ ಮನೆಗೆ ಕೊಡುತ್ತಾರೆ. ಎಳ್ಳು ಬೀರುವುದು ಹಾಗಲ್ಲ. ನಮ್ಮ ಮನೆಯಲ್ಲಿ ಇರುವ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಐದೂ ಎದುರು ಮನೆಯಲ್ಲಿವೆ. ಅವರು ಕೊಡುವುದು ನಮ್ಮ ಡಬ್ಬಿಯಲ್ಲಿ ಆಗಲೇ ತುಂಬಿದೆ. ಆದರೂ ಕೊಡುತ್ತೇವೆ, ಆದರೂ ತೆಗೆದುಕೊಳ್ಳುತ್ತೇವೆ. ಯಾರಿಗೂ ಕೊರತೆ ನೀಗಿಸದ ಈ ಕೊಡುಕೊಳ್ಳುವಿಕೆಯಲ್ಲಿ ಯಾರೂ ದಾನಿಯಾಗುವುದಿಲ್ಲ, ಯಾರೂ ಋಣಿಯಾಗುವುದಿಲ್ಲ. ಬೆಲೆ ಕಡಿಮೆಯಾಗಿರುವುದೇ ಇದರ ಮರ್ಯಾದೆ. ತಟ್ಟೆಯಲ್ಲಿರುವುದು ಹೆಚ್ಚು ದುಬಾರಿಯಾದಷ್ಟೂ ಕೊಡುವವರು, ಪಡೆಯುವವರು ಎಂಬ ಎರಡು ಪಂಗಡ ಹುಟ್ಟುತ್ತದೆ.

ಹಾಗಾಗಿ ತಟ್ಟೆಯಲ್ಲಿ ಹೆಚ್ಚಿಗೆ ಇರಬೇಕಾದದ್ದು ಕೈಕೆಲಸ ಮಾತ್ರ.

ಐದರಲ್ಲಿ ಅತಿ ಹೆಚ್ಚು ಕೆಲಸ ಕೇಳುವುದು ಕೊಬ್ಬರಿ. ಅದು ಮನೆಗೆ ಬರುವ ಮೊದಲೇ ಅದಕ್ಕಾಗಿ ಒಂದು ವರ್ಷದ ಹತ್ತಿರ ಕಳೆದಿರುತ್ತದೆ. ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸೀಮೆಯ ರೈತರು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಪೇರಿಸಿಡುತ್ತಾರೆ. ತಿಂಗಳುಗಟ್ಟಲೆ ನೆರಳಲ್ಲಿ ಕೂತ ಕಾಯಿಯೊಳಗೆ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಕಾಯಿ ಅಲ್ಲಾಡಿಸಿದಾಗ ಒಳಗೆ ಗಡಗಡ ಸದ್ದು ಬಂದರೆ ಕೊಬ್ಬರಿ ಆಗಿದೆ ಎಂದು ಅರ್ಥ. ಬಿಸಿಲಿಗೆ ಒಡೆದು ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸುವ ಹೋಳು ಕೊಬ್ಬರಿಗೂ ಈ ಉಂಡೆ ಕೊಬ್ಬರಿಗೂ ರುಚಿಯಲ್ಲಿ ತುಂಬ ಅಂತರವಿದೆ. ಎಳ್ಳಿಗೆ ಬೇಕಾದದ್ದು ಉಂಡೆಯೇ.

ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು, ಉಗುರಿಂದ ಗೀರಿದರೆ ಒಳಗೆ ಅಚ್ಚ ಬಿಳುಪು ಕಾಣಬೇಕು. ಹಸಿರು, ಕಪ್ಪು ಚುಕ್ಕೆ ಇದ್ದರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ. ಹೊರಗಿನ ಕಂದು ಪದರವನ್ನು ಹೆರೆದು ತೆಗೆಯಿರಿ. ತರಕಾರಿ ಸಿಪ್ಪೆ ತೆಗೆಯುವ ಪೀಲರ್ ಈ ಕೆಲಸಕ್ಕೆ ಬಲು ಅನುಕೂಲ. ಆಮೇಲೆ ತೆಳ್ಳಗೆ ಸೀಳಿ, ಸೀಳನ್ನು ಕಡ್ಡಿಯಾಗಿ, ಕಡ್ಡಿಯನ್ನು ಚೂರಾಗಿ ಹೆಚ್ಚಬೇಕು. ತೊಗರಿಬೇಳೆಯಷ್ಟು ಇದ್ದರೆ ಸಾಕು. ಹಿಂದಿನವರು ಅದನ್ನೂ ಸಣ್ಣ ಮಾಡುತ್ತಿದ್ದರು. ಯಾರ ಮನೆಯ ಕೊಬ್ಬರಿ ಎಷ್ಟು ಸಣ್ಣ ಎಂಬುದರ ಮೇಲೆ ಆ ಮನೆಯ ಹೆಣ್ಣುಮಕ್ಕಳ ಕೈಹದವನ್ನು ಬೀದಿ ಅಳೆಯುತ್ತಿತ್ತು.

ಹೆರೆದ ಕಂದು ಪುಡಿಯನ್ನು ಎಸೆಯಬೇಡಿ. ಚಟ್ನಿಪುಡಿಗೆ ಅದು ಒಳ್ಳೆಯ ಘಮ ಕೊಡುತ್ತದೆ.

ಬೆಲೆಯ ಮಾತೂ ಬರಬೇಕು. ಐದರಲ್ಲಿ ದುಬಾರಿ ಕೊಬ್ಬರಿಯೇ. 2025ರಲ್ಲಂತೂ ತಿಪಟೂರು ಮಾರುಕಟ್ಟೆಯಲ್ಲಿ ಅದರ ದರ ಹಿಂದೆಂದೂ ಕಾಣದಷ್ಟು ಏರಿತು. ಬೆಳೆಗಾರರಿಗೆ ಅದು ಸಿಗಲೇಬೇಕಾದ ಬೆಲೆ, ಅದರಲ್ಲಿ ತಕರಾರಿಲ್ಲ. ಕೈ ಬಿಗಿಯಿದ್ದರೆ ಕೊಬ್ಬರಿಯ ಪಾಲನ್ನು ಅರ್ಧಕ್ಕೆ ಇಳಿಸಿ ಕಡಲೆಬೀಜವನ್ನು ಅಷ್ಟೇ ಏರಿಸಿ. ಸಣ್ಣಗೆ ಹೆಚ್ಚಿದ ಕೊಬ್ಬರಿ ಎಲ್ಲ ಚಮಚದಲ್ಲೂ ಸಿಗುತ್ತದೆ, ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ.

ಮೂವತ್ತು ಮನೆಗೆ ಅಳತೆ

ಉಂಡೆ ಕೊಬ್ಬರಿ, ಅಚ್ಚು ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ 500 ಗ್ರಾಂ. ಬಿಳಿ ಎಳ್ಳು 250 ಗ್ರಾಂ. ಸಿಪ್ಪೆ, ಪುಡಿ ಕಳೆದು ಸುಮಾರು ಎರಡು ಕೆಜಿ ಮಿಶ್ರಣ ಉಳಿಯುತ್ತದೆ. ಮನೆಗೆ 60ರಿಂದ 70 ಗ್ರಾಂ, ಅಂದರೆ ತುಂಬಿದ ಒಂದು ಹಿಡಿ ಬರುತ್ತದೆ. ಬಣ್ಣದ ಜೀರಿಗೆ ಪೆಪ್ಪರ್‌ಮಿಂಟು ಮಕ್ಕಳಿಗೆ ಇಷ್ಟ. ಹಾಕಿದರೂ ಸರಿ, ಬಿಟ್ಟರೂ ಸರಿ.

ಬೆಲ್ಲದ ಹಿಂದೆಯೂ ಒಂದು ನದಿಯ ಕಥೆ ಇದೆ. ಮಂಡ್ಯ ಇವತ್ತು ಬೆಲ್ಲದ ಹೆಸರೇ ಆಗಿದ್ದರೂ ಆ ಸೀಮೆ ಹಿಂದೆ ಮಳೆ ನೆಚ್ಚಿದ ರಾಗಿ ನೆಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಮೇಲೆ ಗದ್ದೆಯಲ್ಲಿ ಕಬ್ಬು ಎದ್ದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಾರ್ಖಾನೆಯ ಚಿಮಣಿಯ ಜೊತೆಜೊತೆಗೇ ಆಲೆಮನೆಗಳ ಹೊಗೆಯೂ ಏರಿತು. ಸಂಕ್ರಾಂತಿ ಹೊತ್ತಿಗೆ ಕೊಪ್ಪರಿಗೆಯಿಂದ ಇಳಿದ ಹೊಸ ಬೆಲ್ಲ ಸಂತೆಗೆ ಬರುತ್ತದೆ. ಹಬ್ಬದ ಅಡುಗೆಗೂ ಪೈರಿನ ಕಾಲಕ್ಕೂ ಇರುವ ನಂಟು ಇದು: ಅವರೆ, ಕಬ್ಬು, ಬೆಲ್ಲ, ಎಳ್ಳು ಕೈಗೆ ಸುಲಭವಾಗಿ ಸಿಗುವ ದಿನಗಳಲ್ಲೇ ಇವುಗಳನ್ನು ಹಂಚುವ ಹಬ್ಬ ಬರುತ್ತದೆ. ಅಗ್ಗವಾಗಿರುವುದು ಆಕಸ್ಮಿಕವಲ್ಲ.

ತೀರ ಬಿಳುಪು ಹಳದಿಯ, ನೋಡಲು ಅಂದವಾದ ಬೆಲ್ಲಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಕೆಲವು ಕಡೆ ಇದೆ. ಕಂದು ಬಣ್ಣದ, ಗಟ್ಟಿ ಅಚ್ಚು ಬೆಲ್ಲ ತನ್ನಿ. ಮೆತ್ತನೆಯ ಉಂಡೆ ಬೆಲ್ಲ ಪಾಯಸಕ್ಕೆ ಚೆನ್ನ, ಇಲ್ಲಿ ಅಂಟಿಕೊಳ್ಳುತ್ತದೆ. ಅಡಕತ್ತರಿಯಲ್ಲಿ ಬೆಲ್ಲ ಹೆಚ್ಚಿದರೆ ಪುಡಿ ಕಡಿಮೆ ಬೀಳುತ್ತದೆ. ಅಡಕತ್ತರಿ ಇಲ್ಲದ ಮನೆಯಲ್ಲಿ ದಪ್ಪ ಚಾಕು, ಮರದ ಹಲಗೆ ಸಾಕು. ಬಿದ್ದ ಪುಡಿಯೆಲ್ಲ ಹಬ್ಬದ ದಿನದ ಸಿಹಿ ಪೊಂಗಲಿಗೆ.

ಇನ್ನು ಬಿಸಿಲು. ಹೆಚ್ಚಿದ ಕೊಬ್ಬರಿ, ಬೆಲ್ಲವನ್ನು ಬೇರೆ ಬೇರೆ ತಟ್ಟೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ, ಎರಡು ಮೂರು ದಿನ ತಾರಸಿಯ ಬಿಸಿಲಲ್ಲಿ ಇಡುತ್ತಾರೆ. ಕಾಗೆ ಕಾಯಲು ಮಕ್ಕಳನ್ನು ಕೂರಿಸುತ್ತಾರೆ, ಕಾಯುವ ಮಕ್ಕಳೇ ಅರ್ಧ ತಿನ್ನುತ್ತಾರೆ. ಈ ಹಂತವನ್ನು ಅವಸರಕ್ಕೆ ಬಿಡಬಾರದು. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುವ ಪದಾರ್ಥ. ತೇವದ ಬೆಲ್ಲದ ಜೊತೆ ಕೂತ ಹುರಿಗಡಲೆ ಬೇಗ ಮೆತ್ತಗಾಗುತ್ತದೆ. ಕೊಬ್ಬರಿಯ ತೂಕದಲ್ಲಿ ಶೇಕಡ 60ಕ್ಕಿಂತ ಹೆಚ್ಚು ಎಣ್ಣೆಯೇ, ಅದಕ್ಕೆ ಪಸೆ ತಾಗಿದರೆ ಕಮಟು ಹಿಡಿಯುತ್ತದೆ. ಗಾಂಧಿ ಬಜಾರಿನ ಆ ಅತ್ತೆ ಮೂಸಿ ಕಂಡುಹಿಡಿದದ್ದು ಇದನ್ನೇ.

ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬಿಸಿಲು ಬಾರದಿದ್ದರೆ ಕೊಬ್ಬರಿ ಚೂರನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ, ಬಣ್ಣ ತಿರುಗುವ ಮೊದಲೇ ಇಳಿಸಿ. ಬೆಲ್ಲವನ್ನು ಒಲೆಯ ಹತ್ತಿರ ಒಯ್ಯಬೇಡಿ, ಫ್ಯಾನಿನ ಕೆಳಗೆ ಹರಡಿ.

ಕಡಲೆಬೀಜವನ್ನು ಹದವಾಗಿ ಹುರಿದು, ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಉಜ್ಜುವಾಗಲೇ ಬೀಜ ಎರಡು ಬೇಳೆಯಾಗುತ್ತದೆ, ಅದೇ ಸರಿಯಾದ ಗಾತ್ರ. ಎಳ್ಳನ್ನು ಕಲ್ಲು ಮಣ್ಣು ನೋಡಿ, ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ, ಕೆಂಪಾದರೆ ಕಹಿ. ಹುರಿಗಡಲೆ ಹಾಗೇ ಬಿಸಿಲು ಕಂಡರೆ ಸಾಕು. ಎಲ್ಲವೂ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಬೆರೆಸಿ. ಮೊದಲೇ ಬೆರೆಸಿಟ್ಟರೆ ಐದರ ರುಚಿಯೂ ಒಂದೇ ಆಗಿಬಿಡುತ್ತದೆ.

ಈ ಐದರಲ್ಲಿ ಎಳ್ಳು ಬಹಳ ಹಳಬ. ಹರಪ್ಪದ ಉತ್ಖನನದಲ್ಲಿ ಕರಕಾದ ಎಳ್ಳು ಸಿಕ್ಕಿದೆ. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನ ಹಡಗುಗಳು ಸಮುದ್ರ ದಾಟತೊಡಗಿದ ಮೇಲೆಯೇ ಅದು ನಮ್ಮ ನೆಲಕ್ಕೆ ಬಂತು. ಅಂದರೆ ಇವತ್ತು ನಮ್ಮ ತಟ್ಟೆಯಲ್ಲಿರುವ ಮಿಶ್ರಣ, ಕೆಲವೇ ಶತಮಾನಗಳ ಹಿಂದೆ, ಈ ರೂಪದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಯಾರೋ ಒಬ್ಬ ಅಜ್ಜಿ ಮೊದಲ ಸಲ ಕಡಲೆಬೀಜ ಬೆರೆಸಿದಾಗ ಅಕ್ಕಪಕ್ಕದವರು ಹುಬ್ಬೇರಿಸಿರಲೂಬಹುದು. ಪದ್ಧತಿ ಹೊಸದನ್ನು ಒಳಗೆ ಬಿಟ್ಟುಕೊಳ್ಳುತ್ತಲೇ ಬದುಕಿದೆ. ಈ ಮಾತನ್ನು ಇಲ್ಲಿ ಹೇಳಲು ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಬ್ಬದ ತಾರೀಖು ಯಾಕೆ ಜರುಗುತ್ತದೆ?

ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಸಂಕ್ರಾಂತಿಯ ದಿನ. ಈಗ ಹಬ್ಬ ಬರುವುದು 14 ಅಥವಾ 15ಕ್ಕೆ. ಪಂಚಾಂಗ ನಕ್ಷತ್ರಗಳನ್ನು ಆಧರಿಸಿ ಸೂರ್ಯನ ಸ್ಥಾನ ಗುಣಿಸುತ್ತದೆ. ನಕ್ಷತ್ರಗಳನ್ನು ಆಧರಿಸಿದ ಈ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೀಗಾಗಿ 70 ವರ್ಷಕ್ಕೆ ಹೆಚ್ಚುಕಮ್ಮಿ ಒಂದು ದಿನ ಹಬ್ಬ ಮುಂದೆ ಸರಿಯುತ್ತದೆ.

ಸಕ್ಕರೆ ಅಚ್ಚನ್ನು ಅಂಗಡಿಯಿಂದ ತಂದರೂ ತಪ್ಪಲ್ಲ. ಆದರೆ ಮನೆಯ ಅಟ್ಟದಲ್ಲಿ ಹಳೆಯ ಮರದ ಅಚ್ಚು ಇದ್ದರೆ ಅದನ್ನು ಇಳಿಸದೆ ಇರಬೇಡಿ. ಆನೆ, ಬಸವ, ನವಿಲು, ಮೀನು, ಗೋಪುರ, ತುಳಸಿಕಟ್ಟೆ: ಎರಡು ಹೋಳಿನ ಮಣೆಯಲ್ಲಿ ಕೊರೆದ ಈ ಆಕಾರಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು. ನೆನೆಯದ ಮರ ಪಾಕ ಹೀರಿಕೊಂಡು ಅಚ್ಚು ಬಿಡಲೊಲ್ಲದು. ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸಬೇಕು.

ಸೋಸಿದ ಪಾಕವನ್ನು ಒಮ್ಮೆಗೇ ಕಾಸಬಾರದು. ಸಣ್ಣ ಪಾತ್ರೆಯಲ್ಲಿ ಒಂದೆರಡು ಸೌಟು ಹಾಕಿ, ಗಟ್ಟಿಯಾಗುತ್ತ ಬಂದಾಗ ಚಮಚದಿಂದ ಬಿರುಸಾಗಿ ತಿರುವಬೇಕು. ತಿಳಿಯಾಗಿದ್ದ ಪಾಕ ನೋಡನೋಡುತ್ತ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸಕ್ಕರೆ ಸಣ್ಣ ಸಣ್ಣ ಹರಳಾಗಿ ಮರಳುತ್ತಿರುವ ಗುರುತು ಅದು. ಆ ಗಳಿಗೆಯಲ್ಲೇ ದಾರ ಇಲ್ಲವೇ ರಬ್ಬರ್‌ಬ್ಯಾಂಡು ಬಿಗಿದ ಅಚ್ಚಿಗೆ ಹೊಯ್ಯಬೇಕು. ಮೊದಲು ಹೊಯ್ದರೆ ಗಟ್ಟಿಯಾಗದು, ತಡ ಮಾಡಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಕಲ್ಲಾದರೆ ಹೆದರಬೇಕಿಲ್ಲ, ನೀರು ಸೇರಿಸಿ ಮತ್ತೆ ಕಾಸಿದರಾಯಿತು. ಹತ್ತು ನಿಮಿಷಕ್ಕೆ ಅಚ್ಚು ಬಿಡಿಸಿದಾಗ ಕೊಂಬು ಮುರಿಯದ ಬಸವ ಹೊರಬಂದರೆ ಮನೆಯಲ್ಲೆಲ್ಲ ಸಂಭ್ರಮ. ಕೊಂಬು ಮುರಿದದ್ದು ಅಲ್ಲೇ ನಿಂತ ಮಕ್ಕಳ ಪಾಲು.

ಉತ್ತರ ಕರ್ನಾಟಕದ ಕುಸುರೆಳ್ಳು

ಧಾರವಾಡ, ವಿಜಯಪುರ, ಬೆಳಗಾವಿ ಕಡೆ ಸಂಕ್ರಮಣಕ್ಕೆ ಕುಸುರೆಳ್ಳು. ಅಗಲವಾದ ಪಾತ್ರೆಯಲ್ಲಿ ಎಳ್ಳು ಹಾಕಿ, ಮಂದ ಉರಿಯ ಮೇಲೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಚಿಮುಕಿಸುತ್ತ ಬೆರಳಿಂದ ಆಡಿಸುತ್ತಲೇ ಇರಬೇಕು. ನಿಧಾನಕ್ಕೆ ಒಂದೊಂದು ಕಾಳಿನ ಸುತ್ತಲೂ ಮುಳ್ಳು ಏಳುತ್ತದೆ. ಖರ್ಚು ಸಕ್ಕರೆ ಮತ್ತು ಎಳ್ಳಿನದು ಮಾತ್ರ. ಬೇಕಾದದ್ದು ಗಂಟೆಗಟ್ಟಲೆಯ ತಾಳ್ಮೆ. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮರುದಿನ ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಳೆ ದಂಡೆಗೆ ಹೋಗುವುದು, ಸಂಜೆ ಕುಸುರೆಳ್ಳು ಕೊಟ್ಟು ಹಿರಿಯರ ಕಾಲು ಮುಟ್ಟುವುದು ಅಲ್ಲಿನ ಪದ್ಧತಿ.

ಮಿಶ್ರಣ ಸಿದ್ಧವಾಯಿತು. ಕೊಡುವುದು ಯಾವುದರಲ್ಲಿ?

ಖರ್ಚು ದಾರಿ ತಪ್ಪುವುದು ಇಲ್ಲೇ. ಮೊದಲು ಪ್ಲಾಸ್ಟಿಕ್ ಕವರು, ಆಮೇಲೆ ಪ್ಲಾಸ್ಟಿಕ್ ಡಬ್ಬಿ, ಆಮೇಲೆ ಸ್ಟೀಲ್ ಬಟ್ಟಲು, ಈಗ ಜರಿ ಚೀಲ, ಅದರೊಳಗೆ ಇನ್ನೊಂದು ವಸ್ತು. ಒಬ್ಬರು ಕೊಟ್ಟರೆಂದು ಮರುವರ್ಷ ಇನ್ನೊಬ್ಬರು ಕೊಡಬೇಕು. ಕಿರಿದಾದ ಸಂಬಳದಲ್ಲಿ ಸಂಸಾರ ತೂಗಿಸುವ ಮನೆಯಲ್ಲಿ ಹಬ್ಬ ಹತ್ತಿರವಾದಂತೆ ಇದು ಚಿಂತೆಯಾಗುತ್ತದೆ. ಮನೆಮನೆಗೆ ಎಳ್ಳು ಬೀರಲು ಹೊರಡುವ ಹುಡುಗಿಗೆ ತನ್ನ ತಟ್ಟೆ ಗೆಳತಿಯ ತಟ್ಟೆಗಿಂತ ಬಡವಾಗಿ ಕಾಣಬಾರದು. ಸಮಾನರ ನಡುವಿನ ಹಬ್ಬಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ.

ಹಳೆಯ ಕ್ರಮ ಸರಳವಾಗಿತ್ತು. ತಟ್ಟೆಯಲ್ಲಿ ಒಂದು ಬಟ್ಟಲು ಎಳ್ಳು, ಒಂದು ಚಮಚ. ಹೋದ ಮನೆಯವರು ತಮ್ಮ ಬಟ್ಟಲು ತರುತ್ತಿದ್ದರು, ಅದಕ್ಕೆ ಎರಡು ಚಮಚ ಹಾಕಿ, ಒಂದು ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು, ಬಾಳೆಹಣ್ಣು, ಎಲೆ ಅಡಿಕೆ ಇಟ್ಟರೆ ಮುಗಿಯಿತು. ಪೊಟ್ಟಣದ ಪ್ರಶ್ನೆಯೇ ಇರಲಿಲ್ಲ. ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅವರ ಮನೆಯ ಎಳ್ಳು ನಮ್ಮ ಬಟ್ಟಲಿಗೆ ಬೀಳುತ್ತಿತ್ತು. ಇದನ್ನು ಮತ್ತೆ ಶುರುಮಾಡಲು ಯಾರ ಅಪ್ಪಣೆಯೂ ಬೇಡ. ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡರೆ ಸಾಕು.

ದೂರದವರಿಗೆ ಕೊಡಲು ಪೊಟ್ಟಣ ಬೇಕೇ ಬೇಕು ಅನ್ನುವುದಾದರೆ ಹೊಲಿಸಿ ಉಳಿದ ರವಿಕೆ ಬಟ್ಟೆಯ ಚೂರಿನಲ್ಲಿ ಪುಟ್ಟ ಚೀಲ ಹೊಲಿಯಬಹುದು, ಒಳಗೆ ಬಿಳಿ ಹಾಳೆಯ ಪೊಟ್ಟಣ ಇಟ್ಟರೆ ಎಣ್ಣೆ ಜಿನುಗದು. ಮುತ್ತುಗದ ಎಲೆಯ ದೊನ್ನೆ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹಳೆಯ ಪತ್ರಿಕೆಯಲ್ಲಿ ಮಾತ್ರ ಕಟ್ಟಬೇಡಿ. ಮುದ್ರಣದ ಶಾಯಿ ತಿಂಡಿಗೆ ಇಳಿಯುತ್ತದೆ. ಇನ್ನೊಂದು ಮಾತು: ಎಳ್ಳು, ಕಡಲೆಬೀಜ ಎರಡೂ ಕೆಲವರಿಗೆ ಅಲರ್ಜಿ. ಪರಿಚಯ ಕಡಿಮೆ ಇರುವ ಮನೆಗೆ ಕೊಡುವಾಗ, ಮುಖ್ಯವಾಗಿ ವಿದೇಶದಲ್ಲಿರುವ ಕನ್ನಡಿಗರು ಮಕ್ಕಳ ಕೈಗೆ ಕೊಟ್ಟು ಶಾಲೆಗೆ ಕಳಿಸುವಾಗ, ಒಳಗೆ ಏನೇನಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ಈಗ, ಆಮೇಲೆ ಹೇಳುತ್ತೇನೆ ಎಂದ ಮಾತು. ತಟ್ಟೆಯಲ್ಲಿ ಏನಿದೆ ಎಂಬುದರಷ್ಟೇ ಮುಖ್ಯ ತಟ್ಟೆ ಯಾವ ಬಾಗಿಲಿಗೆ ಹೋಗುತ್ತದೆ ಎಂಬುದು. ಹಿಂದೆ ಎಳ್ಳು ಬೀರುವ ದಾರಿ ಕಿರಿದಾಗಿತ್ತು. ಜಾತಿಯ ಗೆರೆ ಅದನ್ನು ತಿರುಗಿಸುತ್ತಿತ್ತು. ಕುಂಕುಮವಿಲ್ಲದ ಹಣೆ ಬಾಗಿಲಲ್ಲಿ ಕಂಡರೆ ತಟ್ಟೆ ಪಕ್ಕದ ಮನೆಗೆ ದಾಟುತ್ತಿತ್ತು. ಹೊಸದಾಗಿ ಮದುವೆಯಾದವಳು ಮೊದಲ ವರ್ಷ ಐದು, ಮರುವರ್ಷ ಹತ್ತು ಎಂದು ಐದು ವರ್ಷ ಬಾಳೆಹಣ್ಣು ಬೀರುವ ಪದ್ಧತಿ ಕೆಲವು ಮನೆಗಳಲ್ಲಿದೆ, ಅದೂ ಮುತ್ತೈದೆಯರಿಗೆ ಮಾತ್ರ. ಗಂಡನನ್ನು ಕಳೆದುಕೊಂಡ ಅತ್ತೆಯೋ ದೊಡ್ಡಮ್ಮನೋ ರಾತ್ರಿಯೆಲ್ಲ ಕೂತು ಕೊಬ್ಬರಿ ಹೆಚ್ಚಿ, ಹಬ್ಬದ ಸಂಜೆ ಒಳಕೋಣೆಯಲ್ಲಿ ಕೂತಿರುತ್ತಿದ್ದರು.

ಸಮುದ್ರದಾಚೆಯ ಕಡಲೆಕಾಯಿಗೆ ಜಾಗ ಕೊಟ್ಟ ತಟ್ಟೆ ನಮ್ಮದೇ ಮನೆಯ ದೊಡ್ಡಮ್ಮನಿಗೆ ಜಾಗ ಕೊಡಲಾರದೆ? ಮೊದಲ ಹಿಡಿ ಹೆಚ್ಚಿದವರ ಕೈಗೇ ಬೀಳಲಿ. ಆಮೇಲೆ ಪಟ್ಟಿಯನ್ನು ಉದ್ದ ಮಾಡಿ. ರಾತ್ರಿ ಗೇಟಿನಲ್ಲಿ ಕೂರುವ ಕಾವಲಿನವರು, ಮನೆಗೆಲಸಕ್ಕೆ ಬರುವ ಅಕ್ಕ, ಕಸದ ಗಾಡಿಯ ಅಣ್ಣ, ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಊರು ಬಿಟ್ಟು ಬಂದ ಹುಡುಗರು, ಕುಸ್ವಾರ್ ಕೊಟ್ಟ ಮನೆ, ಶೀರ್‌ಕುರ್ಮಾ ಕಳಿಸಿದ ಮನೆ. ಹೆಣ್ಣುಮಕ್ಕಳ ಜೊತೆ ಗಂಡುಮಕ್ಕಳನ್ನೂ ತಟ್ಟೆ ಹಿಡಿಸಿ ಕಳಿಸಿ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದು ಬಾಯಿ ತುಂಬ ಹೇಳುವುದನ್ನು ಅವರೂ ಕಲಿಯಲಿ. ಒಂದು ಹಿಡಿಯ ಖರ್ಚಿನಲ್ಲಿ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ.

ಪುರುಸೊತ್ತಿಲ್ಲ ಅನ್ನುವವರಿಗೆ ಒಂದು ಉಪಾಯ. ಐದನ್ನೂ ಒಬ್ಬರೇ ಮಾಡಬೇಕಿಲ್ಲ. ಐದು ಮನೆ ಸೇರಿ ಒಂದೊಂದು ಸಾಮಗ್ರಿ ಹಂಚಿಕೊಳ್ಳಿ: ಒಬ್ಬರು ಕೊಬ್ಬರಿ, ಒಬ್ಬರು ಬೆಲ್ಲ, ಒಬ್ಬರು ಕಡಲೆಬೀಜ. ಎಳ್ಳು, ಹುರಿಗಡಲೆಯದು ಸುಲಭದ ಕೆಲಸ, ಅದನ್ನು ವಯಸ್ಸಾದವರಿಗೆ ಬಿಡಿ. ಸಗಟಾಗಿ ತಂದರೆ ಬೆಲೆಯೂ ಇಳಿಯುತ್ತದೆ. ಹಬ್ಬದ ಹಿಂದಿನ ಸಂಜೆ ಒಂದೇ ಮನೆಯ ನಡುಮನೆಯಲ್ಲಿ ಹಾಸಿದ ಶುಭ್ರ ಪಂಚೆಯ ಮೇಲೆ ಐದನ್ನೂ ಸುರಿದು ಬೆರೆಸಿ, ಅಳೆದು ಹಂಚಿಕೊಳ್ಳಿ.

ಕೊಟ್ಟದ್ದು ಮೂವತ್ತು ಮನೆಗಾದರೆ ಬರುವುದೂ ಅಷ್ಟೇ ಮನೆಯಿಂದ. ಹಬ್ಬ ಕಳೆದ ಮೇಲೆ ಡಬ್ಬಿಗಟ್ಟಲೆ ಎಳ್ಳು ಕೂತಿರುತ್ತದೆ. ಅದನ್ನು ಕಮಟು ಹಿಡಿಯಲು ಬಿಡಬೇಡಿ. ಎಲ್ಲವನ್ನೂ ಒಟ್ಟಿಗೆ ಸುರಿದು, ಮಿಕ್ಸಿಯಲ್ಲಿ ತಡೆತಡೆದು ಒಂದೆರಡು ಸುತ್ತು ತಿರುಗಿಸಿ, ಬೇಕಿದ್ದರೆ ಇನ್ನಷ್ಟು ಬೆಲ್ಲ, ಎರಡು ಏಲಕ್ಕಿ ಸೇರಿಸಿ ಉಂಡೆ ಕಟ್ಟಿ. ತುಪ್ಪ ಬೇಕಾಗುವುದಿಲ್ಲ, ಎಳ್ಳು, ಕೊಬ್ಬರಿ, ಕಡಲೆಬೀಜದ ಎಣ್ಣೆಯೇ ಹಿಡಿದುಕೊಳ್ಳುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಸಂಜೆ ನಾಲ್ಕರ ತಿಂಡಿ ಅದೇ.